ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಕಲಿತಿದ್ದೇನೆ, ನಂದಿಬೆಟ್ಟದ ಚಳಿಯೂ ಅಭ್ಯಾಸವಿದೆ. ಸ್ಕಾಟ್ಲೆಂಡ್‌ನಲ್ಲಿ ದಡದಿಂದಲೇ ಇಳಿದು ಸೀಲ್ ಪ್ರಾಣಿಗಳ ವಿಡಿಯೊ ಮಾಡಲು 5 ಮಿ.ಮೀ. ಸೂಟ್ ಸಾಕಾ? ಯಾವ ಕ್ಯಾಮೆರಾ ಒಳ್ಳೇದು?

ನೀವು ಕೇಳಿರೋ ಈ ಪ್ರಶ್ನೆಯನ್ನ ಹತ್ತು ವರ್ಷದ ಹಿಂದೆ ನಾನು ಯಾರನ್ನಾದರೂ ಕೇಳಬೇಕಿತ್ತು. ಕೇಳಲಿಲ್ಲ, ಸೀದಾ ಹೋಗಿ ಇಳಿದುಬಿಟ್ಟೆ.

ನಾನು ಕೋಲಾರದ ಕಡೆಯವನು. ಈಜು ಕಲಿತದ್ದು ತಾತನ ತೋಟದ ಬಾವಿಯಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು. ಡೈವಿಂಗ್ ನಿಮ್ಮ ಹಾಗೇ ನೇತ್ರಾಣಿಯಲ್ಲಿ. ಓದೋಕೆ ಎಡಿನ್‌ಬರೋಗೆ ಹೋದಾಗ, ಅಲ್ಲಿಂದ ಪೂರ್ವ ಕರಾವಳಿಯ ಸೇಂಟ್ ಆಬ್ಸ್‌ಗೆ ಹೊರಟೆ. 1984ರಿಂದ ಊರವರೇ ಮುಂದೆ ನಿಂತು ಕಾಪಾಡಿಕೊಂಡು ಬಂದ ಕಡಲು ಅದು. ಬೋಟ್ ಬೇಡ, ಬಂದರಿನ ಪಕ್ಕದ ಬಂಡೆಗಳಿಂದಲೇ ಇಳಿಯಬಹುದು.

ನಂದಿಬೆಟ್ಟದ್ದು ಗಾಳಿಯ ಚಳಿ, ಅದನ್ನ ಪಕ್ಕಕ್ಕಿಡಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆದುಕೊಳ್ಳುತ್ತೆ. ಏಪ್ರಿಲ್‌ನಲ್ಲಿ ನನ್ನ ಡೈವ್ ಕಂಪ್ಯೂಟರ್ 7 ಡಿಗ್ರಿ ತೋರಿಸುತ್ತಿತ್ತು. ನೇತ್ರಾಣಿಯಲ್ಲಿ 28 ಇತ್ತು. ಸೂಟಿನ ಬಗ್ಗೆ ಒಂದೇ ಮಾತು: ನೀರು ಒಳಗೆ ಬಿಡದ ಡ್ರೈಸೂಟ್ ಬಾಡಿಗೆಗೆ ತಗೊಳ್ಳಿ, ಅದರ ಬಳಕೆ ಕಲಿತುಕೊಂಡೇ ಇಳಿಯಿರಿ. ಒಳಗಿನ ಗಾಳಿ ತೇಲಿಸುತ್ತೆ ಅಂತ ನಾನು 14 ಕೆ.ಜಿ. ಸೀಸ ಕಟ್ಟಿಕೊಂಡಿದ್ದೆ. ಹೆಚ್ಚುಕಮ್ಮಿ ನಮ್ಮ ಮಾರ್ಕೆಟ್ಟಿನ ಒಂದು ಟೊಮ್ಯಾಟೊ ಬಾಕ್ಸ್. ಅದನ್ನ ಹೊತ್ತು ಜಾರೋ ಬಂಡೆ ಮೇಲೆ ನಡೀಬೇಕು.

ಆದರೆ ನನ್ನ ಕೆಡಿಸಿದ್ದು ಸೂಟಲ್ಲ, ಗ್ಲೌಸ್.

ಇಪ್ಪತ್ತು ನಿಮಿಷ ಆಗಿತ್ತು. ಯಾರೋ ಕಾಲಿನ ಈಜುರೆಕ್ಕೆ, ಅಂದ್ರೆ ಫಿನ್, ಎಳೆದ ಹಾಗಾಯ್ತು. ತಿರುಗಿದರೆ ಯಾರೂ ಇಲ್ಲ. ಮತ್ತೆ ಎಳೆತ. ಮೂರನೇ ಸಲ ಸಿಕ್ಕಿಬಿತ್ತು: ಬೂದು ಸೀಲ್, ಇನ್ನೂ ಮರಿ ಬುದ್ಧಿ. ಪಾಚಿಯ ಎಲೆಗಳ ನಡುವೆ ತಲೆಕೆಳಗಾಗಿ ನಿಂತು ನನ್ನನ್ನೇ ನೋಡುತ್ತಿತ್ತು. ದಪ್ಪ ಗ್ಲೌಸಿನಲ್ಲಿ ಕ್ಯಾಮೆರಾ ಬಟನ್ ಒತ್ತೋಕಾಗಲಿಲ್ಲ. ಬಲಗೈಯದ್ದು ಕಳಚಿದೆ.

ಇದನ್ನ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವೂ ಕಳಚುತ್ತೀರಿ. ಮೊದಲ ನಿಮಿಷ ಮೂಳೆಗೇ ಚುಚ್ಚೋ ನೋವು. ಆಮೇಲೆ ನೋವು ಹೋಗುತ್ತೆ, ವಾಸಿಯಾಯ್ತು ಅಂದ್ಕೋತೀವಿ. ವಾಸಿಯಲ್ಲ, ಕೈಗೆ ಬರೋ ರಕ್ತ ಕಮ್ಮಿಯಾಗಿ ಮರಗಟ್ಟಿರುತ್ತೆ. ವಾಪಸ್ ಹಾಕೋಣ ಅಂದ್ರೆ ಒದ್ದೆ ಗ್ಲೌಸಿನೊಳಗೆ ಮರಗಟ್ಟಿದ ಬೆರಳು ದಾರಿ ಹುಡುಕಲ್ಲ, ಎಳೆಯಬೇಕಾದ ಎಡಗೈಯಲ್ಲೂ ಅದೇ ದಪ್ಪ ಗ್ಲೌಸು. ಅಷ್ಟರಲ್ಲಿ ಸೀಲ್ ಹತ್ತಿರ ಬಂದು, ಬೆಳ್ಳಗಾದ ನನ್ನ ಬೆರಳಿಗೆ ಮೀಸೆ ತಾಗಿಸಿತು. ಕಣ್ಣಲ್ಲಿ ನೋಡಿದೆ ಅಷ್ಟೇ. ಬೆರಳಿಗೆ ಏನೂ ಗೊತ್ತಾಗಲಿಲ್ಲ.

ನೇತ್ರಾಣಿಯಲ್ಲಾದರೆ ಬೋಟಿನ ಏಣಿ ಇರುತ್ತೆ, ಹುಡುಗರು ಸಿಲಿಂಡರ್ ಎತ್ತಿಕೊಳ್ತಾರೆ. ದಡದ ಡೈವಿನಲ್ಲಿ ಏಳೋದೇ ಕಷ್ಟ. ಅಲೆ ಮತ್ತು ಬಂಡೆ ನಡುವೆ ನಾನೇ ಫಿನ್ ಬಿಚ್ಚಬೇಕಿತ್ತು. ಬಕಲ್ ಮೇಲೆ ಹೆಬ್ಬೆರಳಿದೆ, ಒತ್ತುತ್ತಿದೆಯೋ ಇಲ್ಲವೋ ತಿಳೀತಿಲ್ಲ. ಅಲೆ ಬಂತು, ಉರುಳಿಸಿತು. ಕ್ಯಾಮೆರಾ ವಿಡಿಯೊ ಸಮೇತ ಹೋಯ್ತು. ಹೆಬ್ಬೆರಳ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಈಗಲೂ ಎಳನೀರು ಕೆತ್ತುವಾಗ ಮಚ್ಚಿನ ಹಿಡಿ ಅದನ್ನ ನೆನಪಿಸುತ್ತೆ.

ಹಾಗಾಗಿ ಯಾವ ಕ್ಯಾಮೆರಾ ಅನ್ನೋ ಪ್ರಶ್ನೆಯೇ ತಪ್ಪು. ಯಾವುದೂ ಬೇಡ. ಮೊದಲ ಹತ್ತು ಡೈವ್ ಬರಿಗೈಲಿ ಹೋಗಿ, ಅಂದ್ರೆ ಗ್ಲೌಸ್ ಹಾಕಿಕೊಂಡು ಬರಿಗೈಲಿ! ಜೊತೆಗಾರನನ್ನ ಡೈವಿಂಗ್‌ನಲ್ಲಿ ಬಡ್ಡಿ ಅಂತಾರೆ. ನಮ್ಮೂರ ಬಡ್ಡಿ ಹಾಗೇ ಬೆನ್ನು ಬಿಡಬಾರದು. ನಾನು ಸೀಲ್ ನೋಡ್ತಾ ಅವನನ್ನೂ ಬಿಟ್ಟಿದ್ದೆ. ಸೀಲ್ ಹಿಂದೆ ಈಜಬೇಡಿ, ಅಟ್ಟಿಸಿಕೊಂಡು ಹೋದರೆ ಮಾಯ. ಸುಮ್ಮನೆ ತಳದಲ್ಲಿ ಬಿದ್ದಿದ್ದರೆ ತಾನೇ ಬರುತ್ತೆ, ಬರದಿದ್ದರೆ ಇಲ್ಲ. ಬಂಡೆ ಮೇಲೆ ಮಲಗಿದ್ದವನ್ನ ನೀರಿಗೆ ಓಡಿಸಬೇಡಿ, ಮರಿ ಹಾಕೋ ಅಕ್ಟೋಬರ್-ಡಿಸೆಂಬರ್‌ನಲ್ಲಿ ಆ ಕಡೆ ಸುಳಿಯಲೇಬೇಡಿ. ಕೈ ಚಾಚಬೇಡಿ. ಕಚ್ಚಿದ ಗಾಯ ಬಾತರೆ ಪೆನಿಸಿಲಿನ್‌ಗೆ ಬಗ್ಗಲ್ಲ, ಟೆಟ್ರಾಸೈಕ್ಲಿನ್ ಜಾತಿಯ ಔಷಧಿ ಬೇಕು. ಡಾಕ್ಟರಿಗೆ ಸೀಲ್ ಅಂತ ಬಾಯಿಬಿಟ್ಟು ಹೇಳಿ.

ಇನ್ನೂ ನಂಬಿಕೆ ಬರದಿದ್ದರೆ, ಹೊರಡೋ ಮುಂಚೆ ಬಕೆಟ್ ನೀರಿಗೆ ಐಸ್ ಹಾಕಿ ಎರಡು ನಿಮಿಷ ಕೈ ಅದ್ದಿ, ಆಮೇಲೆ ಅಂಗಿ ಗುಂಡಿ ಹಾಕಿ ನೋಡಿ. ಊರಲ್ಲಿ ಅಮ್ಮನಿಗೆ ಹೀಗೇ ಮಾಡಿ ತೋರಿಸಿದೆ. ಎರಡನೇ ಗುಂಡಿಗೇ ಸಿಕ್ಕಿಹಾಕಿಕೊಂಡೆ. ಉಳಿದದ್ದನ್ನ ಅಮ್ಮನೇ ಬೈಕೊಂಡು ಹಾಕಿದಳು.