ದೊಡ್ಡ ಗಾಡಿಗೆ ದೊಡ್ಡ ಟ್ಯಾಕ್ಸ್, ಇದು ನ್ಯಾಯವಾ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಈ ಸಲ ಶಿರಸಿ, ಕಾರವಾರ, ಅಂಕೋಲಾ ಕಡೆಯಿಂದ ಬಂದ ಮೂರು ಪ್ರಶ್ನೆ ಒಂದೇ ವಿಷಯದ ಮೇಲೆ, ಗಾಡಿ ಟ್ಯಾಕ್ಸ್. ಉತ್ತರ ಕೊಟ್ಟವರು ರಸ್ತೆ ಕೆಲಸದಲ್ಲೇ ಸರ್ವಿಸ್ ಮುಗಿಸಿದ ಸಿವಿಲ್ ಇಂಜಿನಿಯರ್.

ಪ್ರಶ್ನೆ: ನಮ್ಮದು ಶಿರಸಿಯಿಂದ ಒಳಗೆ ಒಂದು ಹಳ್ಳಿ, ಅಡಿಕೆ ತೋಟ, ಮನೇಲಿ ಎಂಟು ಜನ. ಹೋದ ವರ್ಷ ಏಳು ಸೀಟಿನ ಡೀಸೆಲ್ ಗಾಡಿ ತಗೊಂಡ್ವಿ. ಶೋರೂಮ್ ಬೆಲೆ 19 ಲಕ್ಷ, ರೋಡ್ ಟ್ಯಾಕ್ಸೇ ಮೂರೂವರೆ ಲಕ್ಷ ದಾಟ್ತು. ತಮ್ಮನ ಮಗ ಹುಬ್ಬಳ್ಳೀಲಿ 8 ಲಕ್ಷದ ಪೆಟ್ರೋಲ್ ಕಾರಿಗೆ ಕಟ್ಟಿದ್ದು ಒಂದೂಕಾಲು ಲಕ್ಷದೊಳಗೆ. ನಮ್ಮ ಗಾಡಿ ಪೇಟೆಗೆ, ಆಸ್ಪತ್ರೆಗೆ, ಮದುವೆ ಮನೆಗೆ ಬಿಟ್ರೆ ಶೆಡ್ಡಲ್ಲೇ ಇರತ್ತೆ, ಅವನದ್ದು ದಿನಾ ಓಡತ್ತೆ. ದೊಡ್ಡ ಗಾಡಿ ಹೊಗೆ ಜಾಸ್ತಿ ಬಿಡತ್ತೆ ಅದಕ್ಕೇ ಟ್ಯಾಕ್ಸ್ ಜಾಸ್ತಿ ಅಂತಾರೆ. ಇದು ಯಾವ ನ್ಯಾಯ?

ಉತ್ತರ: ನಿಮ್ಮ ಬೇಜಾರು ಅರ್ಥ ಆಗತ್ತೆ, ಆದ್ರೆ ಮೊದ್ಲು ಒಂದು ವಿಷಯ ಬಿಡಿಸಿ ಹೇಳ್ಬೇಕು. ನೀವು ಕಟ್ಟಿದ ಟ್ಯಾಕ್ಸಿಗೂ ನಿಮ್ಮ ಗಾಡಿ ಹೊಗೆಗೂ ಸಂಬಂಧಾನೇ ಇಲ್ಲ. ನಮ್ಮ ರಾಜ್ಯದ ಲೈಫ್‌ಟೈಮ್ ಟ್ಯಾಕ್ಸ್, ಅಂದ್ರೆ ನೀವು ಹೇಳಿದ ರೋಡ್ ಟ್ಯಾಕ್ಸ್, ಲೆಕ್ಕ ಹಾಕೋದು ಬೆಲೆ ಮೇಲೆ. 5 ಲಕ್ಷದವರೆಗಿನ ಕಾರಿಗೆ ಶೇ 13, 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದರ ಮೇಲೆ ಶೇ 18, ಆ ಟ್ಯಾಕ್ಸಿನ ಮೇಲೆ ಮತ್ತೆ ಶೇ 11 ಸೆಸ್. ನಿಮ್ಮ 19 ಲಕ್ಷಕ್ಕೆ ಶೇ 17 ಅಂದ್ರೆ 3,23,000, ಸೆಸ್ 35,530, ಒಟ್ಟು 3,58,530. ಹುಬ್ಬಳ್ಳಿ ಹುಡುಗನಿಗೆ 1,12,000ಕ್ಕೆ ಸೆಸ್ ಸೇರಿ 1,24,320. ಎರಡೂ ಲೆಕ್ಕದಲ್ಲಿ ಇಂಜಿನ್ ಎಷ್ಟು ಸಿಸಿ, ಎಷ್ಟು ಮೈಲೇಜು, ಗಾಡಿ ತೂಕ ಎಷ್ಟು ಅನ್ನೋದು ಎಲ್ಲೂ ಬರಲ್ಲ. ಅದೇ 19 ಲಕ್ಷಕ್ಕೆ ಹೈಬ್ರಿಡ್ ಕಾರು ತಗೊಂಡು ಲೀಟರಿಗೆ ಇಪ್ಪತ್ತು ಕಿ.ಮೀ. ಓಡಿಸಿದ್ರೂ ಅಷ್ಟೇ ಕಟ್ಬೇಕಿತ್ತು. ಇನ್ನೊಂದು ವಿಚಿತ್ರ ನೋಡಿ, ಸ್ಲ್ಯಾಬ್ ದಾಟಿದ್ರೆ ಹೊಸ ರೇಟು ಪೂರ್ತಿ ಬೆಲೆಗೆ ಬೀಳತ್ತೆ, ಹಾಗಾಗಿ 9.90 ಲಕ್ಷದ ಕಾರಿಗೆ ಸೆಸ್ ಬಿಟ್ಟು 1,38,600 ಆದ್ರೆ 10.10 ಲಕ್ಷದ್ದಕ್ಕೆ 1,71,700. ಬೆಲೆ ಇಪ್ಪತ್ತು ಸಾವಿರ ಜಾಸ್ತಿ ಆಗಿದ್ದಕ್ಕೆ ಟ್ಯಾಕ್ಸು ಮೂವತ್ತಮೂರು ಸಾವಿರ ಜಾಸ್ತಿ.

ಇದನ್ನ ಶ್ರೀಮಂತರ ಮೇಲಿನ ಟ್ಯಾಕ್ಸ್ ಅಂದ್ರೆ ಒಪ್ಕೋಬಹುದು, ಇದ್ದೋರು ಜಾಸ್ತಿ ಕೊಡ್ಲಿ ಅನ್ನೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಇದಕ್ಕೆ ಹೊಗೆ ಹೆಸರು ಹಚ್ಚೋದು ಸರಿಯಲ್ಲ.

ಹಾಗಾದ್ರೆ ಹೊಗೆ ಲೆಕ್ಕದಲ್ಲಿ ದೊಡ್ಡ ಗಾಡಿಗೆ ಜಾಸ್ತಿ ಹಾಕೋದು ನ್ಯಾಯವಾ ಅಂದ್ರೆ, ಹೌದು, ನನ್ನ ಪ್ರಕಾರ ನ್ಯಾಯವೇ. ಒಂದು ಲೀಟರ್ ಡೀಸೆಲ್ ಸುಟ್ರೆ ಹತ್ತಿರತ್ತಿರ 2.68 ಕೆಜಿ ಇಂಗಾಲದ ಡೈಆಕ್ಸೈಡ್ ಬರತ್ತೆ, ಪೆಟ್ರೋಲಾದ್ರೆ ಸುಮಾರು 2.3 ಕೆಜಿ. ನಿಮ್ಮ ಗಾಡಿ ಘಟ್ಟದ ರಸ್ತೇಲಿ ಲೀಟರಿಗೆ 12 ಕೊಡತ್ತೆ ಅಂತ ಇಟ್ಕೊಳ್ಳಿ, ಕಿ.ಮೀ.ಗೆ 223 ಗ್ರಾಂ ಆಯ್ತು. ಅವನ ಕಾರು 18 ಕೊಟ್ರೆ 128 ಗ್ರಾಂ. ಪಕ್ಕಪಕ್ಕ ಓಡಿದ್ರೆ ನಿಮ್ಮದು ಮುಕ್ಕಾಲು ಪಾಲು ಜಾಸ್ತಿ ಬಿಡತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ನೀವು ವರ್ಷಕ್ಕೆ ಆರು ಸಾವಿರ ಕಿ.ಮೀ. ಓಡಿಸಿ 500 ಲೀಟರ್ ಸುಡ್ತೀರಿ, ಅವ್ನು ಹದಿನೆಂಟು ಸಾವಿರ ಓಡಿಸಿ 1000 ಲೀಟರ್ ಸುಡ್ತಾನೆ ಅಂದ್ರೆ ವರ್ಷದ ಕೊನೆಗೆ ನಿಮ್ಮ ಲೆಕ್ಕ 1,340 ಕೆಜಿ, ಅವನದ್ದು 2,300 ಕೆಜಿ. ಗಾಡಿ ತಗೊಳೋ ದಿನವೇ ಒಂದೇ ಸಲ ವಸೂಲಿ ಮಾಡೋ ಟ್ಯಾಕ್ಸಿಗೆ ಈ ವ್ಯತ್ಯಾಸ ಗೊತ್ತಾಗೋ ದಾರಿನೇ ಇಲ್ಲ. ನಿಮ್ಮ ಮನೆಯ ಏಳು ಜನ ಒಟ್ಟಿಗೆ ಇಡಗುಂಜಿಗೆ ಹೋದ್ರೆ ತಲೆಗೆ ಬರೋ ಹೊಗೆ ಎಷ್ಟು ಕಡಿಮೆ, ಅದೂ ಗೊತ್ತಾಗಲ್ಲ.

ಓಡಿದಷ್ಟು ಕೊಡು ಅನ್ನೋ ಟ್ಯಾಕ್ಸ್ ನಮ್ಮಲ್ಲಿ ಇಲ್ಲ ಅಂತಲ್ಲ, ಅದು ಬಂಕಲ್ಲಿದೆ. ರಾಜ್ಯದ ಡೀಸೆಲ್ ಮಾರಾಟ ತೆರಿಗೆ 2025ರ ಏಪ್ರಿಲ್ 1ಕ್ಕೆ ಶೇ 18.44ರಿಂದ 21.17ಕ್ಕೆ ಏರ್ತು, ಆಗ ಎಲ್ರೂ ಬೈದ್ರು, ಆದ್ರೆ ಹೊಗೆ ಲೆಕ್ಕಕ್ಕೆ ತುಂಬ ಹತ್ತಿರ ಇರೋ ಟ್ಯಾಕ್ಸ್ ಅದೇ. ಜಾಸ್ತಿ ಕುಡಿಯೋ ಗಾಡಿ ಜಾಸ್ತಿ ಕಟ್ಟತ್ತೆ, ಶೆಡ್ಡಲ್ಲಿ ನಿಂತ ಗಾಡಿ ಏನೂ ಕಟ್ಟಲ್ಲ. ನಮ್ಮ ಜಿಲ್ಲೇಲಿ ಇದಕ್ಕೂ ಒಂದು ತೊಡಕಿದೆ, ಕಾರವಾರದೋರು ಮಾಜಾಳಿ ದಾಟಿ ಗೋವಾದಲ್ಲಿ ಕಡಿಮೆ ರೇಟಿಗೆ ಟ್ಯಾಂಕ್ ತುಂಬ್ಸಿ ಬರ್ತಾರೆ. ಶಿರಸಿಯೋರಿಗೆ ಆ ಅನುಕೂಲ ಇಲ್ಲ.

ಹೊಗೆ ಅಂದ ಕೂಡ್ಲೇ ಎಲ್ಲಾ ಒಂದೇ ಅಲ್ಲ ಅನ್ನೋದೂ ತಿಳ್ಕೊಳ್ಳಿ. ಮೇಲೆ ಹೇಳಿದ್ದು ಕಣ್ಣಿಗೆ ಕಾಣದ, ಹವೆ ಬಿಸಿ ಮಾಡೋ ಅನಿಲದ ಲೆಕ್ಕ. ಎದೆಗೆ ಇಳಿಯೋ ಕಪ್ಪು ಮಸಿ ಬೇರೆ. ಡೀಸೆಲ್ ಕಾರಿಗೆ ಬಿಎಸ್ 4 ಅನ್ನೋ ಸರ್ಕಾರದ ಹೊಗೆ ನಿಯಮದಲ್ಲಿ ಮಸಿ ಕಣದ ಮಿತಿ ಕಿ.ಮೀ.ಗೆ 25 ಮಿಲಿಗ್ರಾಂ ಇತ್ತು, 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ್ಮೇಲೆ 4.5 ಆಯ್ತು, ನೈಟ್ರೋಜನ್ ಆಕ್ಸೈಡ್ 250ರಿಂದ 80ಕ್ಕೆ ಇಳೀತು. ಅಂದ್ರೆ ನಿಮ್ಮ ಹೊಸ ದೊಡ್ಡ ಗಾಡಿ ಊರಲ್ಲಿರೋ ಹಳೇ ಸಣ್ಣ ಡೀಸೆಲ್ ಕಾರಿಗಿಂತ ಮಸಿ ಕಡಿಮೆ ಉಗುಳೋ ಸಾಧ್ಯತೇನೇ ಜಾಸ್ತಿ. ಇದನ್ನ ಹಿಡಿದಿಡೋದು ಸೈಲೆನ್ಸರ್ ದಾರೀಲಿರೋ ಡಿಪಿಎಫ್ ಅನ್ನೋ ಫಿಲ್ಟರ್, ಅದು ಚೆನ್ನಾಗಿ ಬಿಸಿ ಆದ್ರೆ ಮಾತ್ರ ಒಳಗಿನ ಮಸಿ ಸುಟ್ಟು ಕ್ಲೀನ್ ಆಗತ್ತೆ. ಬರೀ ಮನೆಯಿಂದ ಪೇಟೆಗೆ ಓಡಿಸೋರು ಡಿಪಿಎಫ್ ಲೈಟ್ ಬಂತು ಅಂತ ಗೋಳಾಡೋದು ಅದಕ್ಕೇ. ನಿಮ್ಮ ಓಡಾಟ ಕಡಿಮೆ, ಹಾಗಾಗಿ ಆಗಾಗ ಹುಬ್ಬಳ್ಳಿ ರಸ್ತೇಲಿ ಅರ್ಧ ಗಂಟೆ ಒಂದೇ ಸಮ ಓಡಿಸಿ ಬನ್ನಿ. ಯಾರೋ ಫಿಲ್ಟರ್ ಕಿತ್ತು ಹಾಕಿ ಅಂತ ಸಲಹೆ ಕೊಟ್ರೆ ಕೇಳ್ಬೇಡಿ, ಅದು ಕಾನೂನಿಗೂ ವಿರುದ್ಧ, ನಿಮ್ಮ ಅಂಗಳದ ಮಕ್ಕಳಿಗೂ ಕೆಟ್ಟದ್ದು.

ಇನ್ನು ಕೇಂದ್ರದ ಜಿಎಸ್‌ಟಿಯಲ್ಲಿ ಗಾತ್ರಕ್ಕೆ ಬೆಲೆ ಕಟ್ಟಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಅಥವಾ 1500 ಸಿಸಿ ಒಳಗಿನ ಡೀಸೆಲ್ ಕಾರಿಗೆ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40, ಇವಿಗೆ, ಅಂದ್ರೆ ಬ್ಯಾಟರಿ ಗಾಡಿಗೆ, ಶೇ 5. ಇದು ಬರೀ ಬೆಲೆಗಿಂತ ವಾಸಿ, ಆದ್ರೂ ಉದ್ದ ಅಳೆದು ಹೊಗೆ ಅಂದಾಜು ಮಾಡೋದು. ನಮ್ಮ ಹಳ್ಳಿ ರಸ್ತೇಲೆಲ್ಲಾ ಕಾಣೋ ಬೊಲೆರೋ ನಾಲ್ಕು ಮೀಟರಿಗೆ ಒಂದಿಷ್ಟು ಕಡಿಮೆ, ಇಂಜಿನ್ 1500 ಒಳಗೆ, ಹಾಗಾಗಿ ಅದು ಸಣ್ಣ ಕಾರಿನ ಲೆಕ್ಕಕ್ಕೇ ಬರತ್ತೆ. ಬ್ರಿಟನ್ನಿನಲ್ಲಿ 2001ರಿಂದಲೇ ಹೊಸ ಕಾರಿಗೆ ಕಿ.ಮೀ.ಗೆ ಎಷ್ಟು ಗ್ರಾಂ ಅನ್ನೋದ್ರ ಮೇಲೇ ವರ್ಷದ ಟ್ಯಾಕ್ಸ್ ಲೆಕ್ಕ ಶುರುವಾಯ್ತು. ನಮ್ಮಲ್ಲೂ ಕಂಪನಿಗಳು ಈ ಅಂಕಿ ಟೆಸ್ಟ್ ಮಾಡಿಸ್ಲೇಬೇಕು, ಅಂದ್ರೆ ಅಂಕಿ ಇದೆ, ಟ್ಯಾಕ್ಸ್ ಫಾರ್ಮಲ್ಲಿ ಅದಕ್ಕೊಂದು ಕಾಲಂ ಇಲ್ಲ ಅಷ್ಟೇ. ಆ ಕಾಲಂ ಬರ್ಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಅದು ಬಂದು, ಒಂದೇ ಸಲದ ಬದಲು ವರ್ಷ ವರ್ಷ ಕಟ್ಟೋ ಹಾಗಾದ್ರೆ ನೀವು ತಗೊಳೋವಾಗ ಈಗಿಗಿಂತ ಕಡಿಮೆ ಕಟ್ಟಿ, ಓಡಿಸ್ತಾ ಓಡಿಸ್ತಾ ಉಳಿದಿದ್ದು ಕೊಡ್ತೀರಿ. ಆಗ ಯಾರೂ ನಿಮ್ಮನ್ನ ಹೊಗೆ ಹೆಸರು ಹೇಳಿ ದೂರೋಕಾಗಲ್ಲ.

ಪ್ರಶ್ನೆ: ಕಾರವಾರದಲ್ಲಿ ಸ್ಕೂಟರ್ ಓಡಿಸೋಳು ನಾನು. ಶನಿವಾರ ಭಾನುವಾರ ಬಂತು ಅಂದ್ರೆ ಗೋಕರ್ಣ, ಮುರ್ಡೇಶ್ವರಕ್ಕೆ ಹೋಗೋ ದೊಡ್ಡ ದೊಡ್ಡ ಎಸ್‌ಯುವಿ ಸಾಲು. ರಸ್ತೆ ಎಲ್ಲಾ ಹಾಳಾಗೋದು ಇವ್ರಿಂದಲೇ. ಇವ್ರಿಗೆ ಇನ್ನೂ ಎರಡು ಪಟ್ಟು ಹಾಕ್ಬೇಕು ಅಲ್ವಾ?

ಉತ್ತರ: ಜಾಗ ತಿನ್ನೋದು ನಿಜ, ಪಕ್ಕದಲ್ಲಿ ಹಾದ್ರೆ ಸ್ಕೂಟರಿನೋರಿಗೆ ಹೆದರಿಕೆ ಆಗೋದೂ ನಿಜ. ಆದ್ರೆ ರಸ್ತೆ ಹಾಳಾಗೋದು ಇವ್ರಿಂದ ಅನ್ನೋದು ಖಂಡಿತಾ ಅಲ್ಲ, ಇದು ನನ್ನ ಕಸುಬಿನ ವಿಷಯ ಆಗಿರೋದ್ರಿಂದ ಸ್ವಲ್ಪ ಉದ್ದ ಹೇಳ್ತೀನಿ.

1950ರ ದಶಕದ ಕೊನೆಗೆ ಅಮೆರಿಕದ ಇಲಿನಾಯ್‌ನಲ್ಲಿ ಬೇರೆ ಬೇರೆ ದಪ್ಪದ ರಸ್ತೆ ಕಟ್ಟಿ, ಅದರ ಮೇಲೆ ಲಾರಿಗಳನ್ನ ಹಗಲೂ ರಾತ್ರಿ ಸುತ್ತು ಹೊಡೆಸಿ ಪರೀಕ್ಷೆ ಮಾಡಿದ್ರು. ಅಲ್ಲಿಂದ ಬಂದ ಲೆಕ್ಕ ಇವತ್ತಿಗೂ ರಸ್ತೆ ಡಿಸೈನಿಗೆ ಆಧಾರ: ಒಂದು ಆಕ್ಸೆಲ್ (ಎರಡೂ ಬದಿಯ ಚಕ್ರ ಸೇರಿಸೋ ಅಡ್ಡ ದಂಡ) ಮೇಲಿನ ಭಾರ ಎರಡು ಪಟ್ಟಾದ್ರೆ ಸವೆತ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಜನ ಕೂತ ದೊಡ್ಡ ಎಸ್‌ಯುವಿಯ ಒಂದು ಆಕ್ಸೆಲ್ ಮೇಲೆ 1.2 ಟನ್ ಅಂತ ಹಿಡೀರಿ. ನಮ್ಮಲ್ಲಿ ಲಾರಿಯ ನಾಲ್ಕು ಟೈರಿನ ಹಿಂದಿನ ಆಕ್ಸೆಲ್‌ಗೆ 2018ರಲ್ಲಿ ಮಿತಿಯನ್ನ 10.2 ಟನ್‌ನಿಂದ 11.5 ಟನ್‌ಗೆ ಏರಿಸಿದ್ರು. ಈ ಲೆಕ್ಕದಲ್ಲಿ ಅಂಥ ಒಂದು ಆಕ್ಸೆಲ್ ಒಂದ್ಸಲ ಹಾದುಹೋದ್ರೆ ಎಸ್‌ಯುವಿ ಆಕ್ಸೆಲ್ ಎಂಟು ಸಾವಿರ ಸಲ ಹಾದಷ್ಟು ಸವೆತ. 10.2ರಿಂದ 11.5 ಅಂದ್ರೆ ಕೇಳೋಕೆ ಸಣ್ಣದು, ರಸ್ತೆಗೆ ಅದು ಶೇ 60 ಜಾಸ್ತಿ. ಮಿತಿ ಮೇಲೆ ಮತ್ತೆ ಶೇ 20 ಓವರ್‌ಲೋಡ್ ಹೇರಿದ್ರೆ ಸವೆತ ಎರಡು ಪಟ್ಟಾಗತ್ತೆ. ಬೇಲೆಕೇರಿ ಬಂದರಿಗೆ ಅದಿರು ಲಾರಿ ಸಾಲುಗಟ್ಟಿ ಇಳೀತಿದ್ದ ಕಾಲ ನೆನಪಿರೋರಿಗೆ ಅಂಕೋಲಾ ರಸ್ತೆ ಗತಿ ಎಂತ ಆಗಿತ್ತು ಅಂತ ನಾನು ಹೇಳೋದೇ ಬೇಡ.

ಯಲ್ಲಾಪುರದ ಆಚೆ ಅರಬೈಲ್ ಘಟ್ಟ ಹತ್ತೋವಾಗ ಮುಂದೆ ನೋಡಿ. ಲೋಡ್ ಲಾರಿ ಏರೋ ಬದಿಯಲ್ಲಿ ಎರಡು ಉದ್ದ ಗುಂಡಿ ಸಾಲು, ಅಕ್ಕಪಕ್ಕ ಡಾಂಬರು ಉಬ್ಬಿ ಎದ್ದಿರತ್ತೆ. ಲಾರಿ ಫಸ್ಟ್ ಗೇರಲ್ಲಿ ನಿಧಾನಕ್ಕೆ ಹತ್ತೋದ್ರಿಂದ ಭಾರ ಒಂದೇ ಜಾಗದ ಮೇಲೆ ಜಾಸ್ತಿ ಹೊತ್ತು ನಿಲ್ಲತ್ತೆ, ಬೇಸಿಗೆ ಬಿಸಿಲಿಗೆ ಡಾಂಬರು ಮೆತ್ತಗಾಗಿ ಪಕ್ಕಕ್ಕೆ ಸರಿಯತ್ತೆ. ಜೂನಲ್ಲಿ ಮಳೆ ಹಿಡೀತು ಅಂದ್ರೆ ಆ ಸಾಲಲ್ಲೇ ನೀರು ನಿಂತು, ಬಿರುಕಲ್ಲಿ ಇಳಿದು, ಕೆಳಗಿನ ಜಲ್ಲಿ ಸಡ್ಲ ಮಾಡತ್ತೆ, ಮೇಲಿಂದ ಮತ್ತೆ ಲಾರಿ ಬಂದು ಒತ್ತಿದಾಗ ಒಳಗಿನ ನೀರು ಮಣ್ಣು ಸೇರಿ ಹೊರಗೆ ಚಿಮ್ಮತ್ತೆ, ನಾಗಪಂಚಮಿ ಹೊತ್ತಿಗೆ ಹೊಂಡ ರೆಡಿ. ಇಳಿಯೋ ಬದಿ ನೋಡಿದ್ರೆ ಇಷ್ಟು ಕೆಟ್ಟಿರಲ್ಲ. ಎರಡೂ ಬದಿಯಲ್ಲಿ ಕಾರು ಓಡೋದು ಒಂದೇ ಥರ ಅಲ್ವಾ, ಅಂದ್ಮೇಲೆ ಕಾರಣ ಕಾರಲ್ಲ.

ಅದಕ್ಕೇ ರಸ್ತೆ ಸವೆತದ ಹೆಸರಲ್ಲಿ ಎಸ್‌ಯುವಿ ಮೇಲೆ ಟ್ಯಾಕ್ಸ್ ಹಾಕೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದು ತೂಕ ಜಾಸ್ತಿ ಹೇರೋ ಲಾರಿ ಮೇಲೆ, ಅದ್ರಲ್ಲೂ ಹೇರಿಸಿ ಕಳಿಸೋ ಮಾಲಿಕರ ಮೇಲೆ ಬೀಳ್ಬೇಕು. ಡ್ರೈವರ್ ಪಾಪ ಸಂಬಳಕ್ಕಿರೋನು. ಬಸ್ಸೂ ಭಾರ ಅಲ್ವಾ ಅಂತ ನೀವು ಕೇಳಬಹುದು. ಭಾರವೇ, ಆದ್ರೆ ನಮ್ಮ ವಾಯವ್ಯ ಸಾರಿಗೆ ಬಸ್ಸು ಐವತ್ತು ಜನರನ್ನ ಹೊತ್ತು ಹೋಗತ್ತೆ, ಅದು ಇಲ್ದಿದ್ರೆ ಆ ಜನರ ಸ್ಕೂಟರ್, ಕಾರು ಎಲ್ಲಾ ರಸ್ತೆಗೆ ಬರ್ತಿತ್ತು.

ಎಸ್‌ಯುವಿಗೆ ಜಾಸ್ತಿ ಹಾಕೋಕೆ ಬೇರೆ ಗಟ್ಟಿ ಕಾರಣಗಳಿವೆ, ಒಂದು ಇಂಧನ, ಇನ್ನೊಂದು ನೀವೇ ಹೇಳಿದ ಜಾಗ. ಪ್ಯಾರಿಸಿನಲ್ಲಿ 2024ರ ಫೆಬ್ರವರಿಯಲ್ಲಿ ಜನರ ಹತ್ರನೇ ವೋಟು ಹಾಕಿಸಿ, ಅಕ್ಟೋಬರಿಂದ ಹೊರಗಿನಿಂದ ಬರೋ ಭಾರದ ಕಾರಿಗೆ ಪಾರ್ಕಿಂಗ್ ಫೀ ಮೂರು ಪಟ್ಟು ಮಾಡಿದ್ರು, ನಗರದ ಮಧ್ಯಭಾಗದಲ್ಲಿ ಗಂಟೆಗೆ 18 ಯೂರೋ. ಅಲ್ಲಿನ ನಿವಾಸಿಗಳಿಗೆ ವಿನಾಯಿತಿ ಇದೆ. ಗೋಕರ್ಣದಂಥ ಊರಿಗೆ ಇದು ಸರಿಹೊಂದೋ ದಾರಿ, ಬೀಚಿನ ಬಾಯಲ್ಲಿ ಗಾಡಿ ಗಾತ್ರ ನೋಡಿ ಪಾರ್ಕಿಂಗ್ ಫೀ ತಗೊಂಡು ಆ ದುಡ್ಡನ್ನ ಪಂಚಾಯ್ತಿಗೇ ಬಿಟ್ರೆ ಊರಿನ ಚರಂಡಿಗೋ ಶೌಚಾಲಯಕ್ಕೋ ಆಗತ್ತೆ. ಬೆಂಗಳೂರಲ್ಲಿ ಕಟ್ಟಿದ ರೋಡ್ ಟ್ಯಾಕ್ಸ್ ಎರಡು ಪಟ್ಟು ಮಾಡಿದ್ರೆ ನಿಮ್ಮೂರ ಗಲ್ಲಿಗೆ ಒಂದು ರೂಪಾಯೂ ನೆಟ್ಟಗೆ ಬರಲ್ಲ.

ಇವಿ ವಿಷಯ ಒಂದೇ ಮಾತು: 2024ರ ಮಾರ್ಚಲ್ಲಿ ನಮ್ಮ ರಾಜ್ಯ 25 ಲಕ್ಷ ಮೀರಿದ ಇವಿಗೆ ಶೇ 10 ಲೈಫ್‌ಟೈಮ್ ಟ್ಯಾಕ್ಸ್ ಹಾಕ್ತು. ಅಲ್ಲೂ ನೋಡಿದ್ದು ಬೆಲೆಯನ್ನೇ.

ಪ್ರಶ್ನೆ: ಅಂಕೋಲಾದೋನು. 2009ರ ಡೀಸೆಲ್ ಗೂಡ್ಸ್ ಟೆಂಪೋ ಇದೆ, ಬಂದರಿಂದ ಮೀನು ಹೊಡೀತೀನಿ. ಹಳೇದು ಅಂತ ಗ್ರೀನ್ ಟ್ಯಾಕ್ಸ್, ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಮತ್ತೆ ಮತ್ತೆ ಓಡಾಟ. ಸಾಹುಕಾರರ ದೊಡ್ಡ ಗಾಡಿ ಬಿಟ್ಟು ನಮ್ಮಂಥೋರನ್ನೇ ಹಿಡಿಯೋದು ಸರಿನಾ?

ಉತ್ತರ: ಮೂರರಲ್ಲಿ ನನಗೆ ಕಷ್ಟ ಆದ ಪ್ರಶ್ನೆ ಇದು. ನಿಮ್ಮ ಗಾಡಿ ಬಂದ ವರ್ಷಕ್ಕೆ ನಮ್ಮ ಕಡೆ ಬಿಎಸ್ 3 ಕೂಡ ಬಂದಿರ್ಲಿಲ್ಲ, ಅದು 2010ರದ್ದು. ಹಾಗಾಗಿ ಮಸಿ ವಿಷಯದಲ್ಲಿ ನಿಮ್ಮ ಟೆಂಪೋ ಮೊದಲ ಪ್ರಶ್ನೆಯವರ 19 ಲಕ್ಷದ ಗಾಡಿಗಿಂತ ಎಷ್ಟೋ ಪಟ್ಟು ಜಾಸ್ತಿ ಬಿಡತ್ತೆ, ಇದನ್ನ ಮುಚ್ಚಿಡೋದು ಸರಿಯಲ್ಲ, ಆ ಹೊಗೆ ಮೊದ್ಲು ಕುಡಿಯೋದು ನೀವು ಮತ್ತೆ ಬಂದರಲ್ಲಿ ಗಾಡಿ ಹಿಂದೆ ನಿಂತು ಬುಟ್ಟಿ ಎತ್ತಿ ಕೊಡೋ ಹೆಂಗಸರು. ಆದ್ರೆ ಹೊಸ ಗಾಡಿ ತಗೊಳೋಕೆ ದುಡ್ಡಿಲ್ಲ ಅನ್ನೋ ಕಾರಣಕ್ಕೇ ಹಳೇದು ಓಡಿಸೋ ಮನುಷ್ಯನ ಮೇಲೆ ಬರೀ ಫೀ ಏರಿಸ್ತಾ ಹೋದ್ರೆ ಹೊಗೆ ಕಡಿಮೆ ಆಗಲ್ಲ, ಅವ್ನು ಸಾಲ ಮಾಡಿ ಅದೇ ಗಾಡಿ ಓಡಿಸ್ತಾನೆ. ದೊಡ್ಡ ಹೊಸ ಗಾಡಿಯಿಂದ ಬಂದ ಸೆಸ್ಸಿನಲ್ಲಿ ಒಂದು ಪಾಲು ನಿಮ್ಮಂಥೋರಿಗೆ ಗಾಡಿ ಬದಲಿಸೋಕೆ ಕೊಟ್ರೆ ಮಾತ್ರ ಇದು ನ್ಯಾಯ ಆಗತ್ತೆ. ದಿಲ್ಲಿ ಸುತ್ತಮುತ್ತ 2000 ಸಿಸಿ ಮತ್ತು ಮೇಲಿನ ಡೀಸೆಲ್ ಕಾರಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಶೇ 1 ಪರಿಸರ ಶುಲ್ಕ ಹಾಕಿದ್ದು ನೆನಪಿಸ್ಕೊಳ್ಳಿ, ಹೊಗೆ ಹೆಸರಲ್ಲಿ ದೊಡ್ಡ ಗಾಡಿಯಿಂದ ಬೇರೆಯಾಗಿ ದುಡ್ಡು ತಗೊಳೋದು ಹೊಸ ವಿಷಯ ಅಲ್ಲ.

ಸದ್ಯಕ್ಕೆ ನಿಮ್ಮ ಕೈಲಿರೋದು ಹೇಳ್ತೀನಿ. ಗಾಡಿಯನ್ನ ಸರ್ಕಾರದಲ್ಲಿ ನೋಂದಣಿ ಆಗಿರೋ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ರೆ ಗಾಡಿ ಒಪ್ಪಿಸಿದ್ದಕ್ಕೆ ಡಿಪಾಸಿಟ್ ಸರ್ಟಿಫಿಕೇಟ್ ಸಿಗತ್ತೆ, ಅದರ ಮೇಲೆ ಹೊಸ ಗಾಡಿ ಟ್ಯಾಕ್ಸಲ್ಲಿ ಬಾಡಿಗೆ ಗಾಡಿಗೆ ಶೇ 15ರವರೆಗೆ, ಸ್ವಂತದ್ದಕ್ಕೆ ಶೇ 25ರವರೆಗೆ ರಿಯಾಯ್ತಿ ಕೊಡೋಕೆ ಕೇಂದ್ರ 2021ರ ನಿಯಮದಲ್ಲಿ ಅವಕಾಶ ಮಾಡಿದೆ. ಕಾರವಾರ ಆರ್‌ಟಿಒದಲ್ಲಿ ನಿಮ್ಮ ಕ್ಲಾಸಿನ ಗಾಡಿಗೆ ಈಗ ಎಷ್ಟು ಸಿಗತ್ತೆ ಅಂತ ಕೇಳಿ, ಗುಜರಿಯವನಿಗೆ ಸುಮ್ನೆ ತೂಕಕ್ಕೆ ಹಾಕಿಬಿಡ್ಬೇಡಿ, ಆ ಸರ್ಟಿಫಿಕೇಟ್ ಕಳ್ಕೊಳ್ತೀರಿ. ಬದಲಿಸೋಕೆ ಇನ್ನೂ ಟೈಮ್ ಇದೆ ಅಂದ್ರೆ ಏರ್ ಫಿಲ್ಟರ್ ಹಾಕಿಸಿ, ನಾಜಲ್ ಮತ್ತು ಪಂಪ್ ಟೆಸ್ಟ್ ಮಾಡ್ಸಿ. ಎಮಿಷನ್ ಟೆಸ್ಟಲ್ಲಿ ಗಾಡಿ ನಿಲ್ಸಿ ಬರೀ ಆಕ್ಸಿಲರೇಟರ್ ಒತ್ತಿ ನೋಡ್ತಾರೆ, ಲೋಡಲ್ಲಿ ನೋಡಲ್ಲ, ಹಾಗಾಗಿ ಸರ್ಟಿಫಿಕೇಟ್ ಇದೆ ಅಂತ ಸುಮ್ನಿರ್ಬೇಡಿ. ಐಸು ಮೀನು ತುಂಬಿ ಏರು ಹತ್ತೋವಾಗ ಕನ್ನಡಿಯಲ್ಲಿ ಹಿಂದೆ ನೋಡಿ, ಹೊಗೆ ದಟ್ಟ ಕಪ್ಪಿದ್ರೆ ನಿಮ್ಮ ಡೀಸೆಲ್ಲೇ ಪೂರ್ತಿ ಉರೀದೆ ಹೊರಗೆ ಹೋಗ್ತಿದೆ ಅಂತ ಅರ್ಥ, ನಾಜಲ್ ಸರಿ ಮಾಡ್ಸಿದ ಖರ್ಚು ಮೈಲೇಜಲ್ಲಿ ವಾಪಸ್ ಬರತ್ತೆ.