ಕೊಲೆಗಾರನನ್ನು ಹಿಡಿದದ್ದು ಪೊಲೀಸರಲ್ಲ

ನಮಸ್ಕಾರ.

ಹಳೆಯ ಜರ್ಮನ್ ಹಾಸ್ಯ ಮತ್ತು ಅಪರಾಧ ಸಿನಿಮಾಗಳ ಕಥೆಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ನನಗೆ ಇಷ್ಟ, ಹಾಗಾಗಿ ಸುಮ್ನೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ.

ಹನ್ನೆರಡು ಸಿನಿಮಾ, ಒಂದೊಂದಕ್ಕೂ ಒಂದು ಪ್ಯಾರಾ. ಎಲ್ಲ ಕಡೆ ‘ಆಗ’, ‘ನಂತರ’, ‘ಕೊನೆಗೆ’. ಏನಾಯಿತು ಅಂತ ತಿಳಿಯುತ್ತದೆ, ಯಾಕಾಯಿತು ಅಂತ ತಿಳಿಯುವುದಿಲ್ಲ.

ನಿರ್ದೇಶಕ ಫ್ರಿಟ್ಜ್ ಲಾಂಗ್‌ನ ‘ಎಂ’ (1931) ನೋಡಿ. ಮಕ್ಕಳನ್ನು ಕೊಲ್ಲುವವನೊಬ್ಬನನ್ನು ಬಹಳ ಹುಡುಕಿ ಹಿಡಿಯುತ್ತಾರೆ ಅಂತ ಬರೆದಿದ್ದೀರಿ. ಯಾರು ಹಿಡಿಯುತ್ತಾರೆ? ಕಳ್ಳರು! ಕೊಲೆಗಾರನಿಗಾಗಿ ದಿನಾ ರಾತ್ರಿ ಪೊಲೀಸರ ದಾಳಿ, ಕಳ್ಳರ ದಂಧೆಯೇ ನಿಂತುಹೋಗಿದೆ. ಅದಕ್ಕೇ ಊರಿನ ಭಿಕ್ಷುಕರನ್ನೆಲ್ಲ ಕಾವಲಿಗೆ ಹಾಕಿ, ತಾವೇ ಬೇಟೆಗೆ ಇಳಿಯುತ್ತಾರೆ. ಕೊಲೆಗಾರನ ಗುರುತು ಹಿಡಿಯುವವನು ಬಲೂನ್ ಮಾರುವ ಕುರುಡ, ಅದೂ ಸಿಳ್ಳೆಯ ರಾಗದಿಂದ. ಇದು ಲಾಂಗ್‌ನ ಮೊದಲ ಮಾತಿನ ಸಿನಿಮಾ. ಬಂದ ಹೊಸತರಲ್ಲೇ ಸದ್ದನ್ನು ಸಾಕ್ಷಿ ಮಾಡಿಬಿಟ್ಟಿದ್ದಾನೆ! ಆಮೇಲೆ ಒಬ್ಬ ಅಂಗೈಗೆ ಸೀಮೆಸುಣ್ಣದಲ್ಲಿ ‘ಎಂ’ (ಕೊಲೆಗಾರ ಅನ್ನುವ ಜರ್ಮನ್ ಪದದ ಮೊದಲ ಅಕ್ಷರ) ಬರೆದುಕೊಂಡು ಕೊಲೆಗಾರನ ಭುಜಕ್ಕೆ ಒತ್ತುತ್ತಾನೆ. ಕಳ್ಳರೇ ಕೋರ್ಟು ಕೂರಿಸುತ್ತಾರೆ. ಇದೆಲ್ಲ ನಿಮ್ಮ ಪ್ಯಾರಾದಲ್ಲಿಲ್ಲ. ‘ರೋಚಕ’ ಅನ್ನುವ ಪದ ಮಾತ್ರ ಮೂರು ಸಲ ಇದೆ.

ಹಾಸ್ಯಕ್ಕೂ ಇದೇ ಗತಿ. 1937ರ ‘ಷರ್ಲಾಕ್ ಹೋಮ್ಸ್ ಆಗಿದ್ದ ಮನುಷ್ಯ’ ಸಿನಿಮಾದಲ್ಲಿ ಹಾನ್ಸ್ ಆಲ್ಬರ್ಸ್, ಹೈನ್ಜ್ ರೂಮಾನ್ ಕೆಲಸವಿಲ್ಲದ ಪತ್ತೇದಾರರು. ಚೌಕಳಿ ಟೋಪಿ, ಪೈಪು, ಪಿಟೀಲಿನ ಪೆಟ್ಟಿಗೆ ಇದ್ದರೆ ಸಾಕು, ಕಥೆಗಳ ಪತ್ತೇದಾರ ಹೋಮ್ಸ್ ಮತ್ತು ಅವನ ಜೊತೆಗಾರ ವಾಟ್ಸನ್ ಇವರೇ ಅಂತ ಮಿಕ್ಕವರು ತಾವೇ ನಂಬಿಕೊಳ್ಳುತ್ತಾರೆ. ಮಜಾ ಇರುವುದೇ ಅಲ್ಲಿ. ಹೋಟೆಲಿನಲ್ಲಿ ಇವರನ್ನು ನೋಡಿ ಬಿದ್ದು ಬಿದ್ದು ನಗುವವನು ಯಾರು ಅನ್ನುವುದನ್ನು ‘ತೆರೆಯ ಮೇಲೆ ನೋಡಿ’ ಅಂತ ಬಿಟ್ಟಿದ್ದೀರಿ. ಪೋಸ್ಟರಿನ ಮಾತು ನಮಗೆ ಬೇಡ. ಅವನು ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್, ಕೊನೆಗೆ ಕೋರ್ಟಿನಲ್ಲಿ ಎದ್ದು ನಿಲ್ಲುತ್ತಾನೆ ಅಂತ ಧೈರ್ಯವಾಗಿ ಬರೆಯಿರಿ. ಇಷ್ಟು ವರ್ಷದ ಮೇಲೆ ಯಾರಿಗೂ ಮೋಸವಾಗುವುದಿಲ್ಲ.

‘ಎಮಿಲ್ ಮತ್ತು ಪತ್ತೇದಾರರು’ (1931) ಬಗ್ಗೆ ಬರೆದದ್ದು ಚೆನ್ನಾಗಿದೆ. ಹುಡುಗ ಎಮಿಲ್ ನೋಟುಗಳನ್ನು ಕೋಟಿಗೆ ಪಿನ್ನಿನಿಂದ ಚುಚ್ಚಿಕೊಂಡದ್ದನ್ನು ಮೊದಲೇ ಹೇಳಿ, ಆ ತೂತುಗಳೇ ಕಳ್ಳನನ್ನು ಸಿಕ್ಕಿಹಾಕಿಸುವುದನ್ನು ಆಮೇಲೆ ತಂದಿದ್ದೀರಿ. ನಿಮಗೆ ಕಥೆ ಹೇಳಲು ಬರುತ್ತದೆ, ಅಲ್ವಾ? ಮತ್ತೆ ಉಳಿದ ಕಡೆ ಯಾಕೆ ಅವಸರ? ಚಿತ್ರಕಥೆ, ಆಮೇಲೆ ಹಾಲಿವುಡ್‌ನಲ್ಲಿ ಹೆಸರು ಮಾಡಿದ ನಿರ್ದೇಶಕ ಬಿಲ್ಲಿ ವೈಲ್ಡರ್‌ನದು ಅನ್ನುವುದನ್ನೂ ಸೇರಿಸಿ.

ಇಂಗ್ಲಿಷ್ ಪತ್ತೇದಾರಿ ಲೇಖಕ ಎಡ್ಗರ್ ವಾಲೆಸ್‌ನ ಕಥೆಗಳ ಮೇಲೆ 1959ರಿಂದ ಸಾಲಾಗಿ ಬಂದ ಜರ್ಮನ್ ಸಿನಿಮಾಗಳೇ ನಿಮ್ಮಲ್ಲಿ ಐದಿವೆ. ಮಂಜು, ಹಳೆಯ ಬಂಗಲೆ, ಆಸ್ತಿಯ ಒಡತಿ, ಸ್ಕಾಟ್ಲೆಂಡ್ ಯಾರ್ಡಿನ, ಅಂದರೆ ಲಂಡನ್ ಪೊಲೀಸರ, ಇನ್‌ಸ್ಪೆಕ್ಟರ್. ಓದುವವರಿಗೆ ಯಾವುದು ಯಾವುದೆಂದೇ ಗೊತ್ತಾಗುವುದಿಲ್ಲ. ಒಂದನ್ನು ಇಟ್ಟುಕೊಳ್ಳಿ. ಜರ್ಮನರು ತಮ್ಮ ಹ್ಯಾಂಬರ್ಗ್, ಬರ್ಲಿನ್‌ಗಳಲ್ಲೇ ಲಂಡನ್ ಕಟ್ಟಿದ್ದರ ಬಗ್ಗೆ ಎರಡು ಸಾಲು ಬರೆದರೆ ಅದೇ ಜಾಸ್ತಿ ರುಚಿಸುತ್ತದೆ.

ಒಟ್ಟು ನಾಲ್ಕು ಸಿನಿಮಾ ಸಾಕು. ತಾರಾಗಣದ ಪಟ್ಟಿ ಬೇಡ. ಒಂದೊಂದು ಕಥೆಗೂ ಕೂರುವ ಮೊದಲು, ಯಾವ ಒಂದು ಸಂಗತಿ ತೆಗೆದರೆ ಇದು ಕುಸಿಯುತ್ತದೆ ಅಂತ ಕೇಳಿಕೊಳ್ಳಿ. ಅಲ್ಲಿಂದ ಶುರು ಮಾಡಿ ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.

ಸಂಪಾದಕ