ಸೇಲ್ಸ್ ಇಂಟರ್‌ವ್ಯೂ: ಮಾತು ಕಮ್ಮಿ ಇದ್ದರೂ ನಡೆಯುತ್ತೆ

ಪ್ರಶ್ನೆ: ಕೆಲವು ವರ್ಷಗಳಿಂದ ಕೈಗಾರಿಕಾ ಪಂಪ್‌ಗಳ ಸರ್ವಿಸ್ ಎಂಜಿನಿಯರ್ ಆಗಿದ್ದೇನೆ. ಈಗ ಬೇರೊಂದು ಕಂಪನಿಯಲ್ಲಿ ಸೇಲ್ಸ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಿದ್ದು, ಮೊದಲ ಸುತ್ತು ಆಯಿತು. ಮುಂದಿನ ಸುತ್ತಿನಲ್ಲಿ 20 ನಿಮಿಷದ ಪ್ರೆಸೆಂಟೇಷನ್ ಕೊಡಬೇಕು, ಎದುರಿಗೆ ಕೂತವರು ಕಸ್ಟಮರ್ ಥರ ನಡೆದುಕೊಳ್ಳುತ್ತಾರಂತೆ. ಪಂಪ್ ಬಿಚ್ಚಿ ಜೋಡಿಸುವುದು ನನಗೆ ಸಲೀಸು. ಆದರೆ ಈವರೆಗೆ ಏನನ್ನೂ ಮಾರಿಲ್ಲ, ಜಾಸ್ತಿ ಮಾತಾಡುವವನೂ ಅಲ್ಲ. ಹೇಗೆ ತಯಾರಾಗಲಿ?

ಉತ್ತರ: ಮಾತು ಕಮ್ಮಿ ಅನ್ನುವ ಚಿಂತೆಯನ್ನು ಮೊದಲು ಬಿಡಿ. ಈ ಕೆಲಸಕ್ಕೆ ಬರುವವರಲ್ಲಿ ಸೋಲುವವರು ಹೆಚ್ಚಾಗಿ ಮಾತು ಬಾರದವರಲ್ಲ, ಮಾತು ನಿಲ್ಲಿಸಲು ಬಾರದವರು. 20 ನಿಮಿಷ ಸಿಕ್ಕಿತು ಅಂತ 30 ಸ್ಲೈಡ್ ಮಾಡಿಕೊಂಡು ಹೋಗಿ, ಕಂಪನಿಯ ಇತಿಹಾಸದಿಂದ ಶುರು ಮಾಡಿ, ಎದುರಿಗಿರುವವರಿಗೆ ಏನು ಬೇಕು ಅಂತ ಒಂದು ಸಲವೂ ಕೇಳದೆ ಮುಗಿಸಿಬಿಡುತ್ತಾರೆ. ನೀವು ಐದಾರು ಸ್ಲೈಡ್ ಮಾತ್ರ ಮಾಡಿ. ಮೊದಲ ಐದು ನಿಮಿಷ ಪ್ರಶ್ನೆ ಕೇಳುವುದಕ್ಕೇ ಇಟ್ಟುಕೊಳ್ಳಿ.

ಏನು ಕೇಳಬೇಕು ಅನ್ನುವುದು ನಿಮಗೆ ಆಗಲೇ ಗೊತ್ತು, ಅಲ್ವಾ? ಬ್ರೇಕ್‌ಡೌನ್ ಕರೆ ಬಂದಾಗ ಕೇಳುವುದನ್ನೇ ಇಲ್ಲೂ ಕೇಳಿ. ಯಾವ ದ್ರವ, ಎಷ್ಟು ಬಿಸಿ, ದಿನಕ್ಕೆ ಎಷ್ಟು ಗಂಟೆ ಓಡುತ್ತೆ, ಈಗಿನ ಪಂಪ್‌ನಲ್ಲಿ ಏನು ತೊಂದರೆ, ಅದು ನಿಂತರೆ ಏನೇನು ನಿಲ್ಲುತ್ತೆ. ಇದಕ್ಕೆ ಸೇಲ್ಸ್‌ನವರ ಪ್ರಶ್ನೆಗಳನ್ನೂ ಸೇರಿಸಿಕೊಳ್ಳಿ: ದುಡ್ಡು ತೆಗೆದಿಟ್ಟಿದ್ದಾರಾ, ಕೊನೆಯ ಸಹಿ ಯಾರದು, ನಿಜಕ್ಕೂ ಏನು ಬೇಕಾಗಿದೆ, ಯಾವಾಗ ಬೇಕು. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಬ್ಯಾಂಟ್ (ಬಜೆಟ್, ಅಥಾರಿಟಿ, ನೀಡ್, ಟೈಮ್‌ಲೈನ್) ಅನ್ನುತ್ತಾರೆ, ಐಬಿಎಂ ಕಂಪನಿಯಲ್ಲಿ ಶುರುವಾದ ಪದ್ಧತಿ ಇದು. ಇಂಟರ್‌ವ್ಯೂನಲ್ಲಿ ಆ ಹೆಸರು ಹೇಳಬೇಕಾಗಿಲ್ಲ, ಪ್ರಶ್ನೆ ಕೇಳಿದರೆ ಸಾಕು.

ಇನ್ನು ಅವರು ಬಲೆ ಹಾಕುವ ಜಾಗಕ್ಕೆ ಬರೋಣ. ಕಸ್ಟಮರ್ ಪಾತ್ರದಲ್ಲಿರುವವರು ಹೀಗನ್ನಬಹುದು: “ನಮ್ಮ ಇಂಪೆಲ್ಲರ್ ಪದೇ ಪದೇ ಸವೆದು ಹೋಗುತ್ತೆ, ಇದಕ್ಕಿಂತ ದೊಡ್ಡ ಪಂಪ್ ಕೊಡಿ.” (ಇಂಪೆಲ್ಲರ್ ಅಂದರೆ ಪಂಪ್ ಒಳಗೆ ತಿರುಗುತ್ತಾ ದ್ರವವನ್ನು ತಳ್ಳುವ ಚಕ್ರ.) ಬರೀ ಮಾರಾಟ ನೋಡುವವನು ತಕ್ಷಣ ದೊಡ್ಡ ಮಾಡೆಲ್ ತೋರಿಸುತ್ತಾನೆ. ನೀವು ಸಕ್ಷನ್ ಲೈನ್, ಅಂದರೆ ಪಂಪ್‌ಗೆ ದ್ರವ ತರುವ ಪೈಪ್ ಬಗ್ಗೆ ಕೇಳಿ. ಒಳಬರುವ ಕಡೆ ಒತ್ತಡ ಸಾಲದೆ ಗುಳ್ಳೆ ಎದ್ದು, ಅವು ಒಡೆದು ಇಂಪೆಲ್ಲರ್ ತಿನ್ನುತ್ತಿದ್ದರೆ, ಅಂದರೆ ಕ್ಯಾವಿಟೇಷನ್ ಆಗುತ್ತಿದ್ದರೆ, ದೊಡ್ಡ ಪಂಪ್ ಹಾಕಿ ಹರಿವು ಹೆಚ್ಚಿಸಿದಾಗ ತೊಂದರೆ ಇನ್ನೂ ಜಾಸ್ತಿಯಾಗಬಹುದು. “ಮೊದಲು ಪೈಪ್ ಸರಿಮಾಡೋಣ, ಆಮೇಲೂ ಪಂಪ್ ಬೇಕಾದರೆ ನೋಡೋಣ” ಅಂತ ಹೇಳುವ ಧೈರ್ಯ ಇರಲಿ. ಆರ್ಡರ್ ಚಿಕ್ಕದಾದರೂ ಪರವಾಗಿಲ್ಲ. ಟೆಕ್ನಿಕಲ್ ಮನುಷ್ಯನನ್ನು ಸೇಲ್ಸ್‌ಗೆ ತೆಗೆದುಕೊಳ್ಳುವುದೇ ಈ ಮಾತಿಗಾಗಿ, ಇದನ್ನು ನಾನು ಖಂಡಿತವಾಗಿ ನಂಬುತ್ತೇನೆ.

ಬೆಲೆ ಜಾಸ್ತಿಯಾಯಿತು ಅನ್ನುವುದಂತೂ ಗ್ಯಾರಂಟಿ. ಕೂಡಲೇ ಡಿಸ್ಕೌಂಟ್ ಮಾತು ಎತ್ತಬೇಡಿ. ಯಾವುದಕ್ಕೆ ಹೋಲಿಸಿ ಜಾಸ್ತಿ ಅನ್ನುತ್ತಿದ್ದಾರೆ ಅಂತ ಕೇಳಿ, ಆಮೇಲೆ ಪೆನ್ನು ಹಿಡಿದು ಅವರ ಮುಂದೆಯೇ ಲೆಕ್ಕ ಹಾಕಿ. ಹಳೆಯ ಪಂಪ್ 15 ಕಿಲೋವಾಟ್ ಎಳೆಯುತ್ತೆ, ಹೊಸದು ಅದೇ ಕೆಲಸಕ್ಕೆ 12 ಸಾಕು ಅಂತಿಟ್ಟುಕೊಳ್ಳಿ. ವರ್ಷಕ್ಕೆ 6,000 ಗಂಟೆ ಓಡಿದರೆ 18,000 ಯೂನಿಟ್ ವಿದ್ಯುತ್ ಉಳಿಯುತ್ತೆ. ಅದನ್ನು ಅವರ ಬಿಲ್ಲಿನ ದರಕ್ಕೆ ಅವರೇ ಗುಣಿಸಲಿ. ಫೈನಾನ್ಸ್‌ನವರು ಕೂತಿದ್ದರೆ ಈ ಕಾಗದವನ್ನೇ ನೋಡುತ್ತಾರೆ, ಮೇಂಟೆನೆನ್ಸ್‌ನವರಿಗೆ ಮಾತ್ರ ಸೀಲ್ ಬದಲಾಯಿಸಲು ಎಷ್ಟು ಹೊತ್ತು ಬೇಕು ಅನ್ನುವುದೇ ಮುಖ್ಯ. ಹಾಗಾಗಿ ಯಾರು ಯಾರ ಪಾತ್ರ ಮಾಡುತ್ತಿದ್ದಾರೆ ಅಂತ ಶುರುವಿನಲ್ಲೇ ಕೇಳಿಕೊಳ್ಳಿ.

ಗೊತ್ತಿಲ್ಲದ್ದು ಕೇಳಿದರೆ ಗೊತ್ತಿಲ್ಲ ಅನ್ನಿ, ಯಾವಾಗ ತಿಳಿಸುತ್ತೀರಿ ಅನ್ನುವುದನ್ನೂ ಜೊತೆಗೇ ಹೇಳಿ. ಇಂಟರ್‌ವ್ಯೂ ಮುಗಿದ ಮೇಲೆ ಆ ಉತ್ತರ ಹುಡುಕಿ ನಿಜವಾಗಿಯೂ ಮೇಲ್ ಮಾಡಿ.

ಏನೂ ಮಾರಿಲ್ಲ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಬೇರಿಂಗ್ ಸದ್ದು ಕೇಳಿ “ಇವತ್ತೇ ಬದಲಾಯಿಸಿ, ತಡಮಾಡಬೇಡಿ” ಅಂತ ಯಾರನ್ನಾದರೂ ಒಪ್ಪಿಸಿರುತ್ತೀರಲ್ಲ, ಅದು ಮಾರಾಟವೇ. ಅಂಥ ಎರಡು ಘಟನೆ ನೆನಪು ಮಾಡಿಕೊಂಡು, ತೊಂದರೆ ಏನಿತ್ತು, ಅವರು ಯಾಕೆ ಹಿಂದೇಟು ಹಾಕಿದರು, ನೀವು ಏನು ತೋರಿಸಿದಿರಿ, ಕೊನೆಗೆ ಏನಾಯಿತು ಅಂತ ಎರಡೆರಡು ನಿಮಿಷದಲ್ಲಿ ಹೇಳಲು ರೂಢಿ ಮಾಡಿಕೊಳ್ಳಿ. ಒಂದು ಎಚ್ಚರಿಕೆ. ಈಗಿನ ಕಂಪನಿಯ ಕಸ್ಟಮರ್ ಹೆಸರು, ರೇಟು, ಡ್ರಾಯಿಂಗ್ ಯಾವುದನ್ನೂ ಹೊರಗೆ ಹಾಕಬೇಡಿ, ಎಷ್ಟೇ ಕೆದಕಿ ಕೇಳಿದರೂ. ಇವತ್ತು ಅವರ ಗುಟ್ಟು ಹೇಳಿದವರು ನಾಳೆ ನಮ್ಮದನ್ನೂ ಹೇಳುತ್ತಾರೆ ಅಂತ ಯೋಚಿಸುವುದು ಸಹಜ.

ಪ್ರಶ್ನೆ: ಪ್ರೀ-ಸೇಲ್ಸ್ ಕೆಲಸಕ್ಕೆ, ಅಂದರೆ ಮಾರಾಟಕ್ಕೆ ಮುಂಚೆ ಕಸ್ಟಮರ್‌ಗೆ ಟೆಕ್ನಿಕಲ್ ವಿಷಯ ವಿವರಿಸುವ ಕೆಲಸಕ್ಕೆ ಆಯ್ಕೆಯಾಗಿದ್ದೇನೆ. ಸಂಬಳದ ಒಂದು ಭಾಗ ಟಾರ್ಗೆಟ್ ಮೇಲೆ ಅಂತಿದ್ದಾರೆ. ಒಪ್ಪಬಹುದಾ?

ಉತ್ತರ: ಒಪ್ಪಬಹುದು, ಆದರೆ ಸುಮ್ನೆ ತಲೆಯಾಡಿಸಬೇಡಿ. ನೇರ ಮಾರಾಟದವರಿಗೆ ಖಚಿತ ಸಂಬಳ, ಇನ್ಸೆಂಟಿವ್ ಅರ್ಧರ್ಧ ಇರುವುದು ರೂಢಿ. ಟೆಕ್ನಿಕಲ್ ಕಡೆಯವರಿಗೆ 80:20 ಅಥವಾ 70:30 ಸಾಮಾನ್ಯ. ನಿಮಗೂ ಅರ್ಧರ್ಧ ಅಂದರೆ ಯಾಕೆ ಅಂತ ಕೇಳಿ. ಟಾರ್ಗೆಟ್ ನಿಮ್ಮೊಬ್ಬರದಾ, ಟೀಮಿನದಾ? ಕಳೆದ ವರ್ಷ ಟೀಮಿನಲ್ಲಿ ಎಷ್ಟು ಜನ ಮುಟ್ಟಿದರು? ಹೊಸಬರಿಗೆ ಮೊದಲ ಕೆಲವು ತಿಂಗಳು ರಿಯಾಯಿತಿ ಇದೆಯಾ? ಇನ್ಸೆಂಟಿವ್ ಕೊಡುವುದು ಆರ್ಡರ್ ಬಂದಾಗಲೋ, ಕಸ್ಟಮರ್ ದುಡ್ಡು ಕಟ್ಟಿದ ಮೇಲೋ? ಈ ಕೊನೆಯದನ್ನು ತುಂಬಾ ಜನ ಕೇಳುವುದೇ ಇಲ್ಲ. ದೊಡ್ಡ ಆರ್ಡರ್‌ಗಳಲ್ಲಿ ಆ ಎರಡರ ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತೆ. ಉತ್ತರಗಳನ್ನು ಆಫರ್ ಲೆಟರ್‌ನಲ್ಲೋ ಮೇಲ್‌ನಲ್ಲೋ ಬರೆಸಿಕೊಂಡು, ಆಮೇಲೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಿ.